ಹೊಗೆ ಬಿಡುವ ಮೊದಲು ಸಭೆ ಕೂಡಲಿ

ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರ ಪತ್ರದ ಸಾರಾಂಶ: ‘ಡೆಂಗಿ ಹರಡುತ್ತಿದ್ದ ದಿನಗಳಲ್ಲಿ ನಮ್ಮ ಪುರಸಭೆಯ ಸದಸ್ಯರು ಯಾವ ಕೀಟನಾಶಕ ಬಳಸಬೇಕೆಂದು ವಾದ ಮಾಡುತ್ತಾ ಕುಳಿತರು. ಫಾಗಿಂಗ್ ಯಂತ್ರ ಷೆಡ್ಡಿನಲ್ಲೇ ಉಳಿಯಿತು. ರಸಾಯನಶಾಸ್ತ್ರದ ಗಂಧವಿಲ್ಲದವರಿಗೆ ಈ ಅಧಿಕಾರ ಏಕೆ? ಸೊಳ್ಳೆ ನಿಯಂತ್ರಣವನ್ನು ಪೂರ್ತಿಯಾಗಿ ತಜ್ಞರಿಗೆ ಬಿಟ್ಟುಕೊಡಬೇಕೆಂದು ನಿಮ್ಮ ಪತ್ರಿಕೆ ಬರೆಯಬಾರದೇಕೆ?’

ಸಂಪಾದಕರ ಉತ್ತರ:

ಮಾನ್ಯರೇ, ಮನೆಯಲ್ಲಿ ಮಗು ಜ್ವರದಿಂದ ನರಳುತ್ತಿರುವಾಗ ಸಭಾಂಗಣದಲ್ಲಿ ವಾದ ನಡೆಯುತ್ತಿದೆಯೆಂದು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ತಜ್ಞರ ಮಾತಿಗೆ ಬೆಲೆ ಇರಬೇಕೆಂಬುದನ್ನೂ ಒಪ್ಪುತ್ತೇನೆ. ಔಷಧಿಯ ಪ್ರಮಾಣವನ್ನು ಕೈ ಎತ್ತಿಸಿ ನಿರ್ಧರಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ನೀವು ಬೇಡವೆನ್ನುತ್ತಿರುವ ಆ ಚರ್ಚೆಯೇ ಹೆಚ್ಚಿನ ಸ್ಥಳೀಯ ಸಂಸ್ಥೆಗಳಲ್ಲಿ ನಡೆಯುತ್ತಿಲ್ಲವೆಂಬುದು ನನ್ನ ಬಹುಕಾಲದ ಕೊರಗು. ನಿಮ್ಮ ಸದಸ್ಯರ ತಪ್ಪು ಇರುವುದು ಚರ್ಚಿಸಿದ್ದರಲ್ಲಿ ಅಲ್ಲ, ರೋಗ ಬಂದ ಮೇಲೆ ಚರ್ಚಿಸಿದ್ದರಲ್ಲಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ.

ಷೆಡ್ಡಿನಲ್ಲಿ ಉಳಿದ ಆ ಯಂತ್ರದ ಬಗ್ಗೆ ನಿಮಗಿರುವ ಭರವಸೆಯನ್ನು ಮೊದಲು ಸ್ವಲ್ಪ ಪರೀಕ್ಷಿಸೋಣ. ಫಾಗಿಂಗ್ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರಾಡುತ್ತಾ ಅದರ ಹನಿಗೆ ಸಿಕ್ಕ ಬೆಳೆದ ಸೊಳ್ಳೆಯನ್ನು ಮಾತ್ರ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಹಗಲಿನಲ್ಲಿ ಕಚ್ಚುವ, ಮನೆಯೊಳಗೆ ಮಂಚದಡಿಯಲ್ಲೋ ನೇತುಹಾಕಿದ ಬಟ್ಟೆಗಳ ಹಿಂದೆಯೋ ಕೂರುವ ಸೊಳ್ಳೆ. ಬೀದಿಯಲ್ಲಿ ಬಿಟ್ಟ ಹೊಗೆ ಅದರ ಬಳಿಗೆ ಹೋಗುವುದೇ ಅಪರೂಪ. ನೀರಿನಲ್ಲಿರುವ ಲಾರ್ವಾಗಳಿಗೆ, ಅಂದರೆ ಸೊಳ್ಳೆಯ ಮರಿಹುಳುಗಳಿಗೆ, ಈ ಹೊಗೆ ತಾಗುವುದಿಲ್ಲ. ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗಳಂತೂ ನೀರಿಲ್ಲದೆಯೇ ತಿಂಗಳುಗಟ್ಟಲೆ ಕಾದು, ನೀರು ಬಿದ್ದೊಡನೆ ಒಡೆಯುತ್ತವೆ. ಸೆಕೆಯ ದಿನಗಳಲ್ಲಿ ಒಂದು ವಾರ ಹತ್ತು ದಿನದೊಳಗೆ ಹೊಸ ತಲೆಮಾರು ರೆಕ್ಕೆ ಬಿಚ್ಚುತ್ತದೆ. ಹೀಗಿದ್ದೂ ಜನ ಹೊಗೆಯನ್ನೇ ಕೇಳುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ. ಮನೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ಸರಿಸಿ ನೋಡುವ ಕಾರ್ಯಕರ್ತೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. 1901ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಅವರ ತಂಡ ಇದೇ ಸೊಳ್ಳೆ ಹರಡುವ ಹಳದಿ ಜ್ವರವನ್ನು ಕೆಲವೇ ತಿಂಗಳಲ್ಲಿ ಅಡಗಿಸಿದ್ದರಲ್ಲಿ ಇಂಥ ಮನೆಮನೆಯ ತಪಾಸಣೆಯ ಪಾಲು ದೊಡ್ಡದು. ಆಗ ಡಿಡಿಟಿ ಕೀಟನಾಶಕವಾಗಿ ಬಳಕೆಗೆ ಬಂದಿರಲೇ ಇಲ್ಲ.

ಇನ್ನು ತಜ್ಞರಿಗೆ ಬಿಟ್ಟುಬಿಡುವ ಮಾತು. ವರದಿಗಾರನಾಗಿದ್ದ ಕಾಲದಲ್ಲಿ ಒಂದು ಸ್ಥಳೀಯ ಸಂಸ್ಥೆಯ ದಾಸ್ತಾನು ಪುಸ್ತಕವನ್ನು ತೆರೆದು ನೋಡಿದ್ದೆ. ‘ಔಷಧಿಯ ಹೆಸರು’ ಎಂಬ ಅಂಕಣದಲ್ಲಿ ಪುಟದ ಮೊದಲ ಸಾಲಿನಲ್ಲಿ ‘ಸೊಳ್ಳೆ ಔಷಧಿ’ ಎಂದು ಬರೆದು, ಕೆಳಗಿನ ಸಾಲುಗಳಲ್ಲಿ ‘ಸದರಿ, ಸದರಿ’ ಎಂದು ಮುಂದುವರಿಸಲಾಗಿತ್ತು. ಬ್ಯಾಚ್ ಸಂಖ್ಯೆಯಿಲ್ಲ, ತಯಾರಾದ ದಿನಾಂಕವಿಲ್ಲ. ಒಳಗಿದ್ದದ್ದು ಮ್ಯಾಲಾಥಿಯಾನ್ ಎಂಬ ಕೀಟನಾಶಕವೋ, ಪೈರೆಥ್ರಾಯ್ಡ್ ಎಂಬ ಬೇರೆ ಗುಂಪಿನದೋ ಎಂದು ಕೇಳಿದರೆ ಗುಮಾಸ್ತರು ಗುತ್ತಿಗೆದಾರರನ್ನು ಕೇಳಿ ಎಂದರು. ನೀವು ತಜ್ಞರೆಂದು ನಂಬಿರುವ ಜಾಗದಲ್ಲಿ ಅನೇಕ ಕಡೆ ಕುಳಿತಿರುವುದು ಈ ಗುತ್ತಿಗೆದಾರರೇ. ಬಿಲ್ಲಿಗೆ ಸಹಿ ಹಾಕುವ ಸದಸ್ಯರು ಆ ಅಂಕಣವನ್ನು ಒಮ್ಮೆ ಓದಿದ್ದರೆ ಸಾಕಿತ್ತು. ಅದಕ್ಕೆ ರಸಾಯನಶಾಸ್ತ್ರದ ಪದವಿ ಬೇಡ.

ಬ್ಯಾಚ್ ಸಂಖ್ಯೆ ಕ್ಷುಲ್ಲಕವೆಂದು ತೋರಿದರೆ 1976ರ ಪಾಕಿಸ್ತಾನವನ್ನು ನೆನೆಯಿರಿ. ಮಲೇರಿಯಾ ನಿಯಂತ್ರಣಕ್ಕೆಂದು ಮ್ಯಾಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 7,500 ಕೆಲಸಗಾರರಲ್ಲಿ 2,800ರಷ್ಟು ಜನ ವಿಷಬಾಧೆಗೆ ಸಿಕ್ಕರೆಂದು ಅಂದಾಜು, ಐವರು ಸತ್ತರು. ಸೌಮ್ಯವೆಂದು ಹೆಸರಾದ ಕೀಟನಾಶಕ ಅದು. ಆದರೆ ಸರಬರಾಜಾದ ಪುಡಿಯಲ್ಲಿ ಐಸೋಮ್ಯಾಲಾಥಿಯಾನ್ ಎಂಬ ಕಲ್ಮಶ ಹುಟ್ಟಿಕೊಂಡು ಅದರ ವಿಷವನ್ನು ಹೆಚ್ಚಿಸಿತ್ತು. ಔಷಧಿಯ ಆಯ್ಕೆ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು. ಬಂದ ಮಾಲನ್ನು ಪರೀಕ್ಷಿಸಿ, ಅದನ್ನು ಕೈಯಲ್ಲಿ ಹಿಡಿಯುವವರಿಗೆ ರಕ್ಷಣೆ ಕೊಡುವ ಮೇಲ್ವಿಚಾರಣೆ ಸಾಲದಾಗಿತ್ತು.

ಅಮೆರಿಕದ ದಕ್ಷಿಣ ಕೆರೊಲಿನಾದ ಡಾರ್ಚೆಸ್ಟರ್ ಕೌಂಟಿಯದು ಇನ್ನೊಂದು ಬಗೆಯ ಪಾಠ. 2016ರ ಆಗಸ್ಟ್ 28ರ ಬೆಳಿಗ್ಗೆ, ಸೊಳ್ಳೆಯಿಂದ ಹರಡುವ ಝೀಕಾ ರೋಗದ ಭಯದಲ್ಲಿ, ಅಲ್ಲಿನ ಆಡಳಿತ ವಿಮಾನದಿಂದ ನೇಲೆಡ್ ಸಿಂಪಡಿಸಿತು. ಅದು ಅನುಮತಿ ಪಡೆದ ಕೀಟನಾಶಕವೇ. ಆದರೆ ಸೂರ್ಯ ಹುಟ್ಟಿ ಜೇನುಹುಳುಗಳು ಗೂಡು ಬಿಟ್ಟು ಹೊರಡುವ ಹೊತ್ತು ಅದು, ಮತ್ತು ಜೇನು ಸಾಕುವವರಲ್ಲಿ ಕೆಲವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಲಕ್ಷಗಟ್ಟಲೆ ಜೇನುಹುಳುಗಳು ಪೆಟ್ಟಿಗೆಗಳ ಮುಂದೆ ಸತ್ತು ಬಿದ್ದವು. ಯಾವ ಹೊತ್ತಿಗೆ ಸಿಂಪಡಿಸಬೇಕು, ಯಾರಿಗೆ ಮುಂಚಿತವಾಗಿ ಹೇಳಬೇಕು, ಉಬ್ಬಸದವರ ಮನೆಯ ಕಿಟಕಿ ಮುಚ್ಚಿಸುವವರು ಯಾರು, ಇವೆಲ್ಲ ಆ ಊರನ್ನು ಬಲ್ಲ, ಆ ಊರಿಗೆ ಉತ್ತರ ಹೇಳಬೇಕಾದ ಜನಪ್ರತಿನಿಧಿಯ ಪ್ರಶ್ನೆಗಳು. ಒಂದು ರಾಸಾಯನಿಕ ಎಷ್ಟು ಅಪಾಯಕಾರಿ ಎಂದು ತಜ್ಞರು ಹೇಳಲಿ; ಆ ಅಪಾಯವನ್ನು ಯಾರ ಉಸಿರಿನ ಮೇಲೆ, ಯಾವ ಲಾಭಕ್ಕಾಗಿ ಹೊರಿಸುವುದು ಎಂಬ ತೀರ್ಮಾನ ಸಾರ್ವಜನಿಕರ ಮುಂದೆಯೇ ಆಗಬೇಕು.

ಅದೇ ವರ್ಷ ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದಲ್ಲಿ ವರ್ಷಗಳಿಂದ ಬಳಕೆಯಲ್ಲಿದ್ದ ಪರ್ಮೆಥ್ರಿನ್ ಎಂಬ ಕೀಟನಾಶಕಕ್ಕೆ ಸೊಳ್ಳೆಗಳು ಜಗ್ಗುತ್ತಿಲ್ಲವೆಂಬುದು ಪರೀಕ್ಷೆಗಳಲ್ಲಿ ಬಯಲಾಯಿತು. ನೇಲೆಡ್ ಸಿಂಪಡಿಸುವ ಪ್ರಸ್ತಾವವನ್ನು ಜನ ಬೀದಿಗಿಳಿದು ವಿರೋಧಿಸಿದರು, ಗವರ್ನರ್ ಅದನ್ನು ತಿರಸ್ಕರಿಸಿದರು, ಲಾರ್ವಾಗಳನ್ನು ಮಾತ್ರ ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾದ ದಾರಿ ಹಿಡಿದರು. ಚರ್ಚೆಯಿಂದ ಕೆಲಸ ನಿಲ್ಲುತ್ತದೆ ಎನ್ನುತ್ತೀರಿ. ಇಲ್ಲಿ ಚರ್ಚೆಯಿಂದ ಇನ್ನೊಂದು ಬಾಗಿಲು ತೆರೆಯಿತು.

ಸೊಳ್ಳೆ ಔಷಧಿಗೆ ಜಗ್ಗದಿರುವ ಈ ಪ್ರತಿರೋಧದ ಪರೀಕ್ಷೆ ಏನು ಮಹಾ ಕಷ್ಟದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ, ಊರಿನಲ್ಲೇ ಹಿಡಿದ ಲಾರ್ವಾಗಳನ್ನು ಬೆಳೆಸಿ, ಮೂರರಿಂದ ಐದು ದಿನದ ಹೆಣ್ಣು ಸೊಳ್ಳೆಗಳನ್ನು ಇಪ್ಪತ್ತು ಇಪ್ಪತ್ತೈದರಂತೆ ಕೊಳವೆಗಳಿಗೆ ಬಿಡುತ್ತಾರೆ. ಒಳಗೋಡೆಗೆ ಕೀಟನಾಶಕ ಸವರಿದ ಕಾಗದ ಇರುತ್ತದೆ. ಒಂದು ಗಂಟೆಯ ನಂತರ ಅವನ್ನು ಬೇರೆ ಕೊಳವೆಗೆ ದಾಟಿಸಿ, 24 ಗಂಟೆ ಕಳೆದ ಮೇಲೆ ಸತ್ತವನ್ನು ಎಣಿಸುತ್ತಾರೆ. ಶೇ. 98 ಅಥವಾ ಹೆಚ್ಚು ಸತ್ತರೆ ಔಷಧಿಗೆ ಇನ್ನೂ ಬಲವಿದೆ, ಶೇ. 90ಕ್ಕಿಂತ ಕಡಿಮೆಯಾದರೆ ಸೊಳ್ಳೆ ಅದಕ್ಕೆ ಒಗ್ಗಿಕೊಂಡಿದೆ. ಟೆಂಡರಿಗೆ ಮೊದಲು ಈ ಒಂದು ಹಾಳೆ ಸಭೆಯ ಮುಂದೆ ಬಂದರೆ, ಕೆಲಸಕ್ಕೆ ಬಾರದ ಔಷಧಿಗೆ ತೆರಿಗೆಯ ಹಣ ಸುರಿಯುವುದು ಅಲ್ಲಿಗೇ ನಿಲ್ಲುತ್ತದೆ.

ಆದರೆ ಸಭೆಗಳು ನಡೆಯುವ ರೀತಿ ನೋಡಿದರೆ ಮನಸ್ಸು ನೋಯುತ್ತದೆ. ಕಾರ್ಯಸೂಚಿಯ ಕೊನೆಯಲ್ಲಿ ‘ಸೊಳ್ಳೆ ನಿರ್ಮೂಲನೆ ವೆಚ್ಚ’ ಎಂಬ ಒಂದು ಸಾಲು, ಯಾರೋ ಓದುತ್ತಾರೆ, ಯಾರೋ ‘ಪಾಸ್’ ಎನ್ನುತ್ತಾರೆ. ಲೆಕ್ಕಪರಿಶೋಧನೆಯೂ ರಸೀದಿ ಇದೆಯೇ ಎಂದು ನೋಡುತ್ತದೆ, ಸೊಳ್ಳೆ ಕಡಿಮೆಯಾಯಿತೇ ಎಂದು ಕೇಳುವುದಿಲ್ಲ. ರಸ್ತೆ, ಚರಂಡಿ, ಕುಡಿಯುವ ನೀರು, ಎಲ್ಲದರಲ್ಲೂ ಪ್ರಶ್ನೆ ಕೇಳುವ ಅಧಿಕಾರವನ್ನು ಗೆದ್ದವರು ತಾವಾಗಿಯೇ ಕೈಬಿಟ್ಟಿದ್ದಾರೆ, ಮತ್ತು ನಿಮ್ಮಂಥ ತಿಳಿದವರು ಅದನ್ನು ಒಳ್ಳೆಯದಾಯಿತೆಂದು ಬಗೆಯುತ್ತೀರಿ. ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳಲ್ಲಿ ಸೊಳ್ಳೆ ನಿಯಂತ್ರಣಕ್ಕೆಂದೇ ಜನ ಮತ ಹಾಕಿ ಐವರ ಮಂಡಳಿಯನ್ನು ಆರಿಸುತ್ತಾರೆ. ತಳಿ ಮಾರ್ಪಡಿಸಿದ ಸೊಳ್ಳೆ ಬಿಡುವ ವಿಷಯದಲ್ಲಿ 2016ರಲ್ಲಿ ಜನಾಭಿಪ್ರಾಯ ಕೇಳಿ, 2020ರಲ್ಲಿ ಮಂಡಳಿ ಮತ ಹಾಕಿ, 2021ರಲ್ಲಷ್ಟೇ ಬಿಡುಗಡೆ ಆರಂಭವಾಯಿತು. ಆ ತೀರ್ಮಾನವನ್ನು ಒಪ್ಪದವರು ಬಹಳ ಜನ ಇದ್ದಾರೆ. ಆದರೆ ಯಾರು ತೀರ್ಮಾನಿಸಿದರು ಎಂಬುದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತು.

ಜೀವಮಾನವಿಡೀ ಮಕ್ಕಳಿಗೆ ವಿಜ್ಞಾನ ಕಲಿಸಿದವರು ನೀವು. ಸದಸ್ಯರಿಗೆ ರಸಾಯನಶಾಸ್ತ್ರ ಗೊತ್ತಿಲ್ಲವೆಂದು ದೂರುವ ಬದಲು, ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ಅವರಲ್ಲಿ ಇಬ್ಬರು ಮೂವರನ್ನು ಕೂರಿಸಿಕೊಂಡು ಔಷಧಿ ಡಬ್ಬಿಯ ಲೇಬಲ್ ಓದುವುದನ್ನು ಹೇಳಿಕೊಡಿ. ಪ್ರತಿರೋಧ ಪರೀಕ್ಷೆಯ ವರದಿ ಇಲ್ಲದೆ ಟೆಂಡರ್ ಕರೆಯಬಾರದೆಂಬ ಠರಾವಿನ ಕರಡನ್ನು ನೀವೇ ಬರೆದುಕೊಡಿ. ಅದು ಸಭೆಯಲ್ಲಿ ಬಿದ್ದುಹೋದರೂ ಸರಿ, ಯಾರು ಏನು ಹೇಳಿ ಬೀಳಿಸಿದರೆಂದು ನಮಗೆ ಬರೆಯಿರಿ. ಒಂದಕ್ಷರವನ್ನೂ ಬಿಡದೆ ಪ್ರಕಟಿಸುತ್ತೇವೆ.