ನ್ಯೂಯಾರ್ಕ್ ಬಾಡಿಗೆ: ಸಂಬಳದ ಯಾವ ಅಂಕಿ ನೋಡಬೇಕು?

ಪ್ರಶ್ನೆ: ನನ್ನ ಮಗಳಿಗೆ ನ್ಯೂಯಾರ್ಕ್‌ನಲ್ಲಿ ಕೆಲಸ ಸಿಕ್ಕಿದೆ. ವರ್ಷಕ್ಕೆ 1,10,000 ಡಾಲರ್ ಸಂಬಳ. ಮ್ಯಾನ್‌ಹ್ಯಾಟನ್‌ನಲ್ಲಿ ಒಬ್ಬಳೇ ಇರಲು ಮನೆ ನೋಡುತ್ತಿದ್ದಾಳೆ. ತಿಂಗಳಿಗೆ 2,750 ಡಾಲರ್‌ಗಿಂತ ಮೇಲಿನ ಮನೆ ಅವಳಿಗೆ ಕೊಡುವುದಿಲ್ಲ ಎಂದು ಏಜೆಂಟ್ ಹೇಳಿದನಂತೆ. ಸರಿಯಾಗಿ ಅದೇ ಬಾಡಿಗೆಗೆ ಒಂದು ಸ್ಟುಡಿಯೊ (ಒಂದೇ ಕೋಣೆಯ ಮನೆ) ಸಿಕ್ಕಿದೆ. ಇಲ್ಲಿ ಕೂತು ರೂಪಾಯಿ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಅವಳ ಸಂಬಳಕ್ಕೆ ಇದು ಸರಿಹೋಗುತ್ತದಾ? (ಒಬ್ಬ ತಾಯಿ, ಮೈಸೂರು)

ಉತ್ತರ: ರೂಪಾಯಿ ಲೆಕ್ಕ ಬಿಟ್ಟುಬಿಡಿ ಅಮ್ಮ. ಗಳಿಕೆಯೂ ಖರ್ಚೂ ಡಾಲರ್‌ನಲ್ಲೇ ಇರುವಾಗ ಅದರಿಂದ ಭಯ ಹುಟ್ಟುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ಆ 2,750 ಎಲ್ಲಿಂದ ಬಂತು ಅಂತ ನೋಡೋಣ.

ನ್ಯೂಯಾರ್ಕ್‌ನ ಮನೆ ಮಾಲೀಕರಲ್ಲಿ ಒಂದು ರೂಢಿ ಇದೆ. ಬಾಡಿಗೆಗೆ ಬರುವವರ ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು. 1,10,000ವನ್ನು 40ರಿಂದ ಭಾಗಿಸಿದರೆ ಸರಿಯಾಗಿ 2,750. ಇದು ಕಾನೂನಲ್ಲ, ಆದರೆ ಹೆಚ್ಚುಕಡಿಮೆ ಎಲ್ಲರೂ ಕೇಳುತ್ತಾರೆ. ಇನ್ನೊಂದು ರೀತಿ ಹೇಳಬೇಕೆಂದರೆ, ಸಂಬಳದಲ್ಲಿ 30% ಬಾಡಿಗೆಗೆ ಹೋಗಬಹುದು ಎಂಬ ಲೆಕ್ಕ ಇದು. ಅಮೆರಿಕದ ಸರ್ಕಾರವೂ 30% ದಾಟಿದರೆ ಮನೆ ಖರ್ಚು ಹೊರೆಯಾಯಿತು ಅನ್ನುತ್ತದೆ. ಹಾಗಾಗಿ ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ?

ಆದರೆ ಅದು ತೆರಿಗೆಗೆ ಮುಂಚಿನ ಸಂಬಳದ 30%. ನ್ಯೂಯಾರ್ಕ್ ನಗರದಲ್ಲಿ ವಾಸ ಮಾಡುವವರು ಕೇಂದ್ರಕ್ಕೆ, ರಾಜ್ಯಕ್ಕೆ ಮತ್ತು ನಗರಕ್ಕೆ ಹೀಗೆ ಮೂರು ಕಡೆ ಆದಾಯ ತೆರಿಗೆ ಕಟ್ಟಬೇಕು. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಬೇರೆ. ಇವೆಲ್ಲ ಹೋಗಿ ನಿಮ್ಮ ಮಗಳ ಕೈಗೆ ತಿಂಗಳಿಗೆ ಸುಮಾರು 6,300 ಡಾಲರ್ ಬರಬಹುದು. ಆರೋಗ್ಯ ವಿಮೆ, ನಿವೃತ್ತಿ ಉಳಿತಾಯ ಮುರಿದುಕೊಂಡರೆ ಇನ್ನೂ ಕಡಿಮೆ. ಅದರಲ್ಲಿ 2,750 ಎಂದರೆ 44% ಹತ್ತಿರ. 40 ಪಟ್ಟು ಎನ್ನುವುದು ಬಾಡಿಗೆ ಬರುತ್ತದೆಯೇ ಎಂದು ಮಾಲೀಕ ತನ್ನ ಧೈರ್ಯಕ್ಕೆ ಹಾಕಿಕೊಂಡ ಲೆಕ್ಕ. ಅದನ್ನು ಮಗಳು ತನ್ನ ಬಜೆಟ್ ಎಂದುಕೊಳ್ಳಬಾರದು.

ನಾನಾದರೆ ಕೈಗೆ ಬರುವ ಹಣದ ಮೂರನೇ ಒಂದು ಪಾಲು, ಅಂದರೆ 2,100 ಡಾಲರ್ ಒಳಗೆ ಇರಿ ಎನ್ನುತ್ತೇನೆ. ಓದಲು ಮಾಡಿದ ಸಾಲದ ಕಂತನ್ನು ಊರಿಗೆ ಕಳಿಸಬೇಕಾ ಎಂದು ನೀವು ಬರೆದಿಲ್ಲ. ಕಳಿಸುವುದಿದ್ದರೆ ಮೊದಲು ಅದನ್ನು ಕಳೆದು, ಆಮೇಲೆ ಪಾಲು ಹಾಕಿ. ಬಹಳ ಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ. ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ, ಕ್ರೆಡಿಟ್ ಕಾರ್ಡ್ ಬಾಕಿ ಮಾತ್ರ ಬೆಳೆಯುತ್ತಿರುತ್ತದೆ. ದಯವಿಟ್ಟು ಇದನ್ನು ನೇರವಾಗಿ ಕೇಳಿ.

2,100ಕ್ಕೆ ಮ್ಯಾನ್‌ಹ್ಯಾಟನ್‌ನಲ್ಲಿ ಒಬ್ಬರಿಗೆ ಮನೆ ಸಿಗುವುದು ಕಷ್ಟ. ಅಲ್ಲಿ ಹೊಸ ಬಾಡಿಗೆಯ ಮಧ್ಯದ ದರ 2022ರಲ್ಲೇ 4,000 ಡಾಲರ್ ಮುಟ್ಟಿತ್ತು. 2023ರಲ್ಲಿ ನಗರ ನಡೆಸಿದ ಸಮೀಕ್ಷೆಯಲ್ಲಿ ಬಾಡಿಗೆ ಮನೆಗಳ ಪೈಕಿ ಖಾಲಿ ಇದ್ದದ್ದು 1.41% ಮಾತ್ರ. 1968ರಿಂದ ಈಚೆಗೆ ಇಷ್ಟು ಕಡಿಮೆ ಆಗಿದ್ದೇ ಇಲ್ಲ. ಮನೆಯೇ ಇಲ್ಲದ ಕಡೆ ಬಾಡಿಗೆ ಇಳಿಯುವುದು ಹೇಗೆ? ಹಾಗಾಗಿ ಮೊದಲ ವರ್ಷ ಇನ್ನೊಬ್ಬರ ಜೊತೆ ಹಂಚಿಕೊಳ್ಳಲಿ. 3,400 ಡಾಲರ್‌ನ ಎರಡು ಬೆಡ್‌ರೂಮ್ ಮನೆ ಹಿಡಿದರೆ ತಲಾ 1,700 ಆಯಿತು. 40 ಪಟ್ಟಿನ ಲೆಕ್ಕಕ್ಕೆ ಸಾಮಾನ್ಯವಾಗಿ ಇಬ್ಬರ ಸಂಬಳವನ್ನೂ ಸೇರಿಸುತ್ತಾರೆ.

ನ್ಯೂಯಾರ್ಕ್ ನಗರದ್ದೇ ಇನ್ನೊಂದು ಭಾಗವಾದ ಕ್ವೀನ್ಸ್ ಕಡೆ ನೋಡಲು ಹೇಳಿ. ಸನ್ನಿಸೈಡ್, ವುಡ್‌ಸೈಡ್, ಜಾಕ್ಸನ್ ಹೈಟ್ಸ್ ಎಲ್ಲ 7ನೇ ನಂಬರ್ ರೈಲಿನ ದಾರಿಯಲ್ಲೇ ಇವೆ, ಮ್ಯಾನ್‌ಹ್ಯಾಟನ್‌ಗೆ ನೇರ ಹೋಗಬಹುದು. ಅದೇ ರೈಲಿನ ಕೊನೆ ನಿಲ್ದಾಣ ಫ್ಲಷಿಂಗ್. ಅಲ್ಲಿನ ಗಣಪತಿ ದೇವಸ್ಥಾನದ ಕ್ಯಾಂಟೀನ್‌ನಲ್ಲಿ ಒಳ್ಳೆಯ ದೋಸೆ ಸಿಗುತ್ತದೆ, ನಿಮಗೂ ಸ್ವಲ್ಪ ಸಮಾಧಾನ. ನದಿಯಾಚೆಯ ಜೆರ್ಸಿ ಸಿಟಿಯಲ್ಲಿದ್ದರೆ ನ್ಯೂಯಾರ್ಕ್ ನಗರದ ತೆರಿಗೆ ಇಲ್ಲ. ಅವಳ ಸಂಬಳಕ್ಕೆ ತಿಂಗಳಿಗೆ 300 ಡಾಲರ್‌ನಷ್ಟು ಉಳಿಯುತ್ತದೆ. ನ್ಯೂಯಾರ್ಕ್ ರಾಜ್ಯದ ತೆರಿಗೆ ಮಾತ್ರ ತಪ್ಪುವುದಿಲ್ಲ. ಜೆರ್ಸಿಯಿಂದ ಬರುವ ಪಾಥ್ ರೈಲಿಗೂ ನ್ಯೂಯಾರ್ಕ್‌ನ ಸಬ್‌ವೇ ರೈಲಿಗೂ ಬೇರೆ ಬೇರೆ ಟಿಕೆಟ್ ಎನ್ನುವುದೂ ನೆನಪಿರಲಿ.

ನಾನು ಒತ್ತಿ ಹೇಳಬೇಕೆಂದಿರುವ ಮಾತು ಇನ್ನೊಂದಿದೆ. ಎಲ್ಲರೂ ಮೊದಲ ವರ್ಷದ ಬಾಡಿಗೆ ನೋಡುತ್ತಾರೆ. ಎರಡನೇ ವರ್ಷದ್ದೂ ನೋಡಬೇಕು. ನಗರದಲ್ಲಿ ಸುಮಾರು 10 ಲಕ್ಷ ಮನೆಗಳು ‘ರೆಂಟ್ ಸ್ಟೆಬಿಲೈಸ್ಡ್’ ಪಟ್ಟಿಯಲ್ಲಿವೆ. ಅವುಗಳ ಬಾಡಿಗೆ ಎಷ್ಟು ಏರಿಸಬಹುದು ಎಂದು ಪ್ರತಿವರ್ಷ ಒಂದು ಮಂಡಳಿ ತೀರ್ಮಾನಿಸುತ್ತದೆ. 2025ರ ಅಕ್ಟೋಬರ್‌ನಿಂದ ಶುರುವಾದ ಅವಧಿಗೆ, ಒಂದು ವರ್ಷದ ಕರಾರಿಗೆ 3%, ಎರಡು ವರ್ಷದ್ದಕ್ಕೆ 4.5%. ಕರಾರು ಮುಗಿದಾಗ ಮಾಲೀಕ ಸುಮ್ನೆ ಹೊರಗೆ ಹಾಕುವಂತೆಯೂ ಇಲ್ಲ, ನವೀಕರಿಸಿ ಕೊಡಬೇಕು. ಇದಕ್ಕೆ ಅಮೆರಿಕದ ಪ್ರಜೆಯೇ ಆಗಿರಬೇಕೆಂದಿಲ್ಲ. 1974ಕ್ಕಿಂತ ಮುಂಚೆ ಕಟ್ಟಿದ, ಆರು ಅಥವಾ ಅದಕ್ಕಿಂತ ಜಾಸ್ತಿ ಮನೆಗಳಿರುವ ಕಟ್ಟಡಗಳಲ್ಲಿ ಇಂಥವು ಹೆಚ್ಚು. ಕ್ವೀನ್ಸ್‌ನಲ್ಲಿ ಅಂಥ ಇಟ್ಟಿಗೆ ಕಟ್ಟಡಗಳು ಬೇಕಾದಷ್ಟಿವೆ. “ಈ ಮನೆ ಸ್ಟೆಬಿಲೈಸ್ಡಾ?” ಎಂದು ಏಜೆಂಟ್‌ನನ್ನು ಬರವಣಿಗೆಯಲ್ಲಿ ಕೇಳಲಿ. ಲಿಫ್ಟ್ ಇಲ್ಲ, ಅಡುಗೆಮನೆ ಹಳೆಯದು ಎಂದು ಅಂಥ ಮನೆ ಬಿಡುವುದು ಬೇಡ.

ಪ್ರಶ್ನೆ: ನಾವು ಗಂಡ ಹೆಂಡತಿ ಲಾಂಗ್ ಐಲ್ಯಾಂಡ್ ಸಿಟಿಯ ಹೊಸ ಕಟ್ಟಡದಲ್ಲಿದ್ದೇವೆ. ‘ಒಂದು ತಿಂಗಳು ಉಚಿತ, 3,300 ಡಾಲರ್ ಬಾಡಿಗೆ’ ಎಂಬ ಜಾಹೀರಾತು ನೋಡಿ ಬಂದೆವು. ಈಗ ಮುಂದಿನ ವರ್ಷಕ್ಕೆ 3,850 ಎಂದು ಪತ್ರ ಬಂದಿದೆ. ಒಂದೇ ಸಲ 550 ಡಾಲರ್ ಏರಿಸಬಹುದಾ?

ಉತ್ತರ: ನಿಮ್ಮ ಕರಾರು ತೆಗೆದು ನೋಡಿ. ಅದರಲ್ಲಿ 3,600 ಎಂದೇ ಬರೆದಿರುತ್ತದೆ. 11 ತಿಂಗಳ ಬಾಡಿಗೆಯನ್ನು 12 ತಿಂಗಳಿಗೆ ಹಂಚಿ 3,300 ಎಂದು ತೋರಿಸಿದ್ದಾರೆ. ಮಾಲೀಕರ ಲೆಕ್ಕದಲ್ಲಿ ಏರಿಕೆ 250 ಡಾಲರ್, ಅಂದರೆ ಸುಮಾರು 7%. ನಿಮ್ಮ ಜೇಬಿಗೆ ಬೀಳುವ ಹೊಡೆತ 550ರದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜಾಹೀರಾತಿನ ಈ ರೀತಿ ನನಗೆ ಸ್ವಲ್ಪವೂ ಇಷ್ಟವಿಲ್ಲ.

ಏರಿಕೆ 5% ಅಥವಾ ಹೆಚ್ಚಿದ್ದರೆ, ಒಂದು ವರ್ಷದ ಕರಾರು ಇರುವವರಿಗೆ ಕನಿಷ್ಠ 60 ದಿನ ಮುಂಚೆ ಬರೆದು ತಿಳಿಸಬೇಕು. ಪತ್ರದ ತಾರೀಕು ನೋಡಿ. ಏರಿಕೆಗೆ ಲಗಾಮು ಹಾಕುವ ‘ಗುಡ್ ಕಾಸ್’ ಕಾನೂನು 2024ರಲ್ಲಿ ಬಂತು. ಆದರೆ 2009ರಿಂದ ಈಚೆಗೆ ವಾಸಕ್ಕೆ ಪರವಾನಗಿ ಪಡೆದ ಕಟ್ಟಡಗಳಿಗೆ 30 ವರ್ಷ ವಿನಾಯಿತಿ ಇದೆ. ನಿಮ್ಮದು ಅದರಲ್ಲೇ ಸೇರಬಹುದು.

ಅಷ್ಟಕ್ಕೇ ಕೈಚೆಲ್ಲಬೇಡಿ. ‘421-ಎ’ ಎಂಬ ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಎಷ್ಟೋ ಹೊಸ ಕಟ್ಟಡಗಳಲ್ಲೂ ಸ್ಟೆಬಿಲೈಸ್ಡ್ ಮನೆಗಳಿವೆ. ಒಳಗಿರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ರಾಜ್ಯದ ವಸತಿ ಇಲಾಖೆಗೆ ಬರೆದು ನಿಮ್ಮ ಮನೆಯ ಬಾಡಿಗೆ ಇತಿಹಾಸ ತರಿಸಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸ್ಟೆಬಿಲೈಸ್ಡ್ ಪಟ್ಟಿಯಲ್ಲಿದ್ದರೆ ಅವರು ಆ 7% ಏರಿಸುವಂತಿಲ್ಲ. ಇಲ್ಲದಿದ್ದರೆ ಮಾತುಕತೆ ಮಾಡಿ. ನೀವು ಬಿಟ್ಟುಹೋದರೆ ಮನೆ ಖಾಲಿ ಕೂರುತ್ತದೆ, ಹೊಸಬರನ್ನು ತರಲು ಮತ್ತೆ ಒಂದು ತಿಂಗಳು ಉಚಿತ ಕೊಡಬೇಕಾಗಬಹುದು. ಇದು ಮಾಲೀಕರಿಗೂ ಗೊತ್ತು. ಅಕ್ಕಪಕ್ಕದ ಕಟ್ಟಡಗಳ ಈಗಿನ ದರ ಜೊತೆಯಲ್ಲಿಟ್ಟು ಪತ್ರ ಬರೆಯಿರಿ.

ಪ್ರಶ್ನೆ: ಬೆಂಗಳೂರಿನಿಂದ ಈಗಷ್ಟೇ ಬ್ರೂಕ್ಲಿನ್‌ಗೆ ಬಂದಿದ್ದೇನೆ. ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಇಲ್ಲ ಎಂದು ಆರು ತಿಂಗಳ ಬಾಡಿಗೆ ಮುಂಗಡ, ಜೊತೆಗೆ ಮಾಲೀಕರ ಏಜೆಂಟ್‌ಗೆ ವರ್ಷದ ಬಾಡಿಗೆಯ 15% ಕೇಳುತ್ತಿದ್ದಾರೆ. ಕೊಟ್ಟುಬಿಡಲಾ?

ಉತ್ತರ: ಬೇಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಆರು ತಿಂಗಳು ಕಡಿಮೆ ಅನ್ನಿಸಬಹುದು. ಆದರೆ ನ್ಯೂಯಾರ್ಕ್‌ನಲ್ಲಿ 2019ರ ಕಾನೂನಿನ ಪ್ರಕಾರ ಡೆಪಾಸಿಟ್ ಅಥವಾ ಮುಂಗಡ ಅಂತ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ನಿಮ್ಮ ಹಿನ್ನೆಲೆ, ಕ್ರೆಡಿಟ್ ಪರಿಶೀಲನೆಗೆ 20 ಡಾಲರ್‌ಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. 2025ರ ಜೂನ್ 11ರಿಂದ, ಏಜೆಂಟ್‌ನನ್ನು ಯಾರು ನೇಮಿಸಿದರೋ ಅವರೇ ಅವನ ಶುಲ್ಕ ಕೊಡಬೇಕು. ಮಾಲೀಕರ ಏಜೆಂಟ್ ನಿಮ್ಮಿಂದ ಕೇಳಿದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದೂರು ಕೊಡಿ.

ಕ್ರೆಡಿಟ್ ಹಿಸ್ಟರಿ ಇಲ್ಲ ಎಂದು ಮನೆಯನ್ನೇ ಕೊಡದಿರುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆಗ ಕಂಪನಿಯ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ಜಾಮೀನುದಾರ ಬೇಕೆಂದರೆ ಅವರ ಸಂಬಳ ಬಾಡಿಗೆಯ 80 ಪಟ್ಟು ಇರಬೇಕು ಅನ್ನುತ್ತಾರೆ, ಅದೂ ಅಮೆರಿಕದಲ್ಲೇ ಇರುವವರಾಗಿರಬೇಕು. ಅಷ್ಟು ಹತ್ತಿರದವರು ಇಲ್ಲದಿದ್ದರೆ ಶುಲ್ಕ ಪಡೆದು ಜಾಮೀನು ನಿಲ್ಲುವ ಕಂಪನಿಗಳಿವೆ. ಯಾವ ಕಂಪನಿಯ ಜಾಮೀನು ಒಪ್ಪುತ್ತೀರಿ ಎಂದು ಮಾಲೀಕರನ್ನು ಮೊದಲೇ ಕೇಳಿಕೊಳ್ಳಿ.

ಮನೆಯನ್ನು ಕಣ್ಣಾರೆ ನೋಡದೆ, ಕರಾರು ಓದದೆ ಒಂದು ಡಾಲರ್ ಕೂಡ ಕಳಿಸಬೇಡಿ. ಕೀ ಸಿಕ್ಕ ದಿನವೇ ಗೋಡೆ, ನೆಲ, ಬಚ್ಚಲು ಎಲ್ಲದರ ವಿಡಿಯೊ ಮಾಡಿಟ್ಟುಕೊಳ್ಳಿ. ಮನೆ ಬಿಟ್ಟ ಮೇಲೆ 14 ದಿನದೊಳಗೆ, ಏನಾದರೂ ಹಿಡಿದುಕೊಂಡರೆ ಅದರ ಪಟ್ಟಿ ಕೊಟ್ಟು, ಮಾಲೀಕರು ಡೆಪಾಸಿಟ್ ವಾಪಸ್ ಮಾಡಬೇಕು. ಪಟ್ಟಿ ಕೊಡದೆ ಆ ಗಡುವು ಮೀರಿದರೆ ಅದರಲ್ಲಿ ಏನನ್ನೂ ಹಿಡಿದುಕೊಳ್ಳುವ ಹಕ್ಕು ಅವರಿಗೆ ಉಳಿಯುವುದಿಲ್ಲ.