ಲಂಡನ್ನಿನ ಕ್ಯೂ ಅರಮನೆಗೆ ‘ಡಚ್ ಹೌಸ್’ ಅನ್ನುವ ಹೆಸರು ಯಾಕೆ ಬಂತು?

ಮುಖ್ಯವಾಗಿ ಅದರ ತಲೆಗಟ್ಟಿನಿಂದ. ಡಚ್ಚರ ಮನೆಗಳಂತೆ ಇದರ ಮುಂಗೋಡೆಯ ಮೇಲಂಚು ತುದಿಗೆ ಹೋಗುತ್ತ ಅಲೆಯಂತೆ ಬಳುಕುತ್ತದೆ. ಅರಮನೆ ಅನ್ನುವುದು ಆಮೇಲೆ ಬಂದ ಬಿರುದು. 1631ರಲ್ಲಿ ಕಟ್ಟಿಸಿದವನು ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆಯ ಪ್ರದೇಶ) ಮೂಲದ ವ್ಯಾಪಾರಿ ಸ್ಯಾಮ್ಯುಯೆಲ್ ಫೋರ್ಟ್ರಿ. ಬಾಗಿಲ ಮೇಲೆ ಅವನ ಮತ್ತು ಹೆಂಡತಿಯ ಹೆಸರಿನ ಅಕ್ಷರಗಳು, ಇಸವಿ ಇವತ್ತಿಗೂ ಇವೆ.

ನನಗೆ ಹೆಚ್ಚು ಇಷ್ಟವಾಗುವುದು ಗೋಡೆಯೇ. ಪ್ರತಿ ವರಸೆಯಲ್ಲೂ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ತುದಿ ಮಾತ್ರ ಕಾಣುವಂತೆ ಅಡ್ಡಕ್ಕೆ. ಇಟ್ಟಿಗೆ ಜೋಡಿಸುವ ಈ ಕ್ರಮವೇ ಫ್ಲೆಮಿಷ್ ಬಾಂಡ್, ಅಂದರೆ ಫ್ಲಾಂಡರ್ಸ್ ಹೆಸರಿನ ಜೋಡಣೆ. ಸಿವಿಲ್ ಡಿಪ್ಲೊಮಾ ಓದಿದವರು ಪರೀಕ್ಷೆಗೆ ಚಿತ್ರ ಬರೆದಿರುತ್ತೀರಿ. ಇಂಗ್ಲಿಷ್ ಬಾಂಡ್‌ನಲ್ಲಾದರೆ ಒಂದು ವರಸೆ ಪೂರ್ತಿ ಉದ್ದ, ಮುಂದಿನದು ಪೂರ್ತಿ ಅಡ್ಡ. ಇಂಗ್ಲೆಂಡಿನಲ್ಲಿ ಫ್ಲೆಮಿಷ್ ಬಾಂಡ್ ಬಳಸಿದ ಆರಂಭದ ಕಟ್ಟಡಗಳಲ್ಲಿ ಇದೂ ಒಂದು.

ಫೋಟೋದಲ್ಲಿ ಕಣ್ಣು ಕುಕ್ಕುವ ಆ ಕೆಂಪು ಬರೀ ಇಟ್ಟಿಗೆಯದಲ್ಲ, ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣ ಬಳಿದಿದ್ದಾರೆ.