ಮರದ ಮಹಡಿಯ ಮೇಲೆ ಮೀನಿನ ತೊಟ್ಟಿ

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕಿನಲ್ಲಿ ಅಜ್ಜನ ಕಾಲದಲ್ಲಿ ಕಟ್ಟಿಸಿದ ಹೆಂಚಿನ ಮನೆ. ಮಹಡಿಯ ನೆಲವು ಮರದ ಜಂತೆಗಳ ಮೇಲೆ ಹಲಗೆ ಹೊಡೆದದ್ದು. ಅಲ್ಲಿನ ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಅಕ್ವೇರಿಯಂ ಇಡಬೇಕೆಂದು ಮಗನ ಆಸೆ. ಮಾರುವವರು ಆರುನೂರು ಕೆ.ಜಿ. ತೂಗಬಹುದು ಎನ್ನುತ್ತಾರೆ. ಹಿಂದೆ ಇದೇ ಕೋಣೆಯಲ್ಲಿ ಕಾಫಿ ಮೂಟೆಗಳನ್ನು ಪೇರಿಸಿಡುತ್ತಿದ್ದೆವು, ಏನೂ ಆಗಿರಲಿಲ್ಲ. ಹೀಗಿರುವಾಗ ಹೆದರಬೇಕಾದದ್ದು ಇದೆಯೆ?

ಉತ್ತರ: ಮಾರುವವರು ಹೇಳಿದ ಆರುನೂರು ಕೆ.ಜಿ. ಬರೀ ನೀರಿನ ತೂಕ. ಒಂದು ಘನ ಅಡಿಯಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ, ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ನಿಮ್ಮ ತೊಟ್ಟಿಯ ಒಟ್ಟು ಗಾತ್ರ 24 ಘನ ಅಡಿ. ಮೇಲಿನ ಎರಡು ಅಂಗುಲ ಖಾಲಿ ಬಿಟ್ಟರೂ 22 ಘನ ಅಡಿ ನೀರು, ಅಂದರೆ ಸುಮಾರು 620 ಕೆ.ಜಿ. ಆಗುತ್ತದೆ. ಗಾಜಿನ ಲೆಕ್ಕವೂ ಕಷ್ಟವಲ್ಲ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುವುದರಿಂದ, 12 ಮಿಲಿಮೀಟರ್ ಗಾಜಿನಲ್ಲಿ ಮಾಡಿದ ಈ ತೊಟ್ಟಿ ಖಾಲಿ ಇದ್ದಾಗಲೇ 120 ಕೆ.ಜಿ. ದಾಟುತ್ತದೆ. ತಳದಲ್ಲಿ ಎರಡು ಅಂಗುಲ ಮರಳು ಹಾಸಿದರೆ ಅದರ ತೂಕ ಸುಮಾರು 90 ಕೆ.ಜಿ.; ಆದರೆ ಮರಳು ತನ್ನ ಜಾಗದಲ್ಲಿದ್ದ ನೀರನ್ನು ಹೊರದೂಡುವ ಕಾರಣ ನಿಜವಾಗಿ ಹೆಚ್ಚುವುದು 55 ಕೆ.ಜಿ. ಮಾತ್ರ. ಸ್ಟ್ಯಾಂಡು, ಮುಚ್ಚಳ, ಫಿಲ್ಟರುಗಳನ್ನು ಸೇರಿಸಿ ಒಟ್ಟು 900 ಕೆ.ಜಿ. ಎಂದು ಹಿಡಿಯಿರಿ.

ಈ ಭಾರ ನಿಲ್ಲುವುದು ಹನ್ನೆರಡು ಚದರ ಅಡಿಯ ಮೇಲೆ, ಎಂದರೆ ಚದರ ಅಡಿಗೆ 75 ಕೆ.ಜಿ. ವಾಸದ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ನಿಗದಿ ಮಾಡಿರುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ.; ಅದು ಚದರ ಅಡಿಗೆ 19 ಕೆ.ಜಿ.ಗಿಂತ ಕಡಿಮೆ. ನಾಲ್ಕು ಪಟ್ಟು ಎಂದ ಮಾತ್ರಕ್ಕೆ ನೆಲ ಕುಸಿಯುತ್ತದೆ ಎಂದಲ್ಲ, ಏಕೆಂದರೆ ಉಳಿದ ಕೋಣೆ ಬಹುಮಟ್ಟಿಗೆ ಖಾಲಿಯೇ ಇರುತ್ತದೆ. ಭಾರ ಯಾವ ಜಂತೆಗಳ ಮೇಲೆ, ಅವುಗಳ ಯಾವ ಜಾಗದಲ್ಲಿ ಬೀಳುತ್ತದೆ ಎಂಬುದನ್ನು ನೋಡಬೇಕು. ತೊಟ್ಟಿಯ ಉದ್ದ ಜಂತೆಗಳಿಗೆ ಅಡ್ಡವಾಗಿದ್ದರೆ, ಒಂದೂವರೆ ಅಡಿಗೊಂದರಂತೆ ಇರುವ ನಾಲ್ಕು ಜಂತೆಗಳಾದರೂ ಭಾರವನ್ನು ಹಂಚಿಕೊಳ್ಳುತ್ತವೆ. ಜಂತೆಯ ಗುಂಟ ಇಟ್ಟರೆ ಒಂದೋ ಎರಡೋ ಜಂತೆ ಎಲ್ಲವನ್ನೂ ಹೊರಬೇಕು. ಹಾಗೆಯೇ, ಹನ್ನೆರಡು ಅಡಿ ಜಂತೆಯ ನಡುವೆ ಇಟ್ಟಾಗ ಹುಟ್ಟುವ ಬಾಗುವಿಕೆಯ ಒತ್ತಡಕ್ಕೆ ಹೋಲಿಸಿದರೆ, ಜಂತೆ ಕೂತಿರುವ ಗೋಡೆಗೆ ಒತ್ತಿ ಇಟ್ಟಾಗ ಅದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆಯೇ.

ಆದ್ದರಿಂದಲೇ ಎಲ್ಲರೂ "ಗೋಡೆಗೆ ಒತ್ತಿ ಇಡಿ" ಎನ್ನುತ್ತಾರೆ. ಸಲಹೆ ಸರಿಯೆ, ಆದರೆ ಕೊಡಗಿನಲ್ಲಿ ಅದನ್ನು ಕಣ್ಣುಮುಚ್ಚಿ ಪಾಲಿಸಲಾಗದು. ಹಾಗೆ ಇಟ್ಟಾಗ ಭಾರದ ಹತ್ತರಲ್ಲಿ ಒಂಬತ್ತು ಪಾಲು ಗೋಡೆಯೊಳಗೆ ಹುಗಿದ ಜಂತೆಯ ತುದಿಗಳ ಮೇಲೆ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಗೋಡೆಯಲ್ಲಿ ಮೊದಲು ಕೊಳೆಯುವುದೂ, ಗೆದ್ದಲು ಮೊದಲು ಹಿಡಿಯುವುದೂ ಆ ತುದಿಯನ್ನೇ. ಜಂತೆ ತೇಗದ್ದೋ ಬೀಟೆಯದೋ ಎಂದು ಮನೆಯವರು ಹೆಮ್ಮೆಯಿಂದ ಹೇಳಬಹುದು, ನಡುಭಾಗ ಕಬ್ಬಿಣದಂತೆಯೇ ಇರಬಹುದು. ಗೋಡೆಯ ಒಳಗಿನ ನಾಲ್ಕಾರು ಅಂಗುಲದ ಕಥೆ ಬೇರೆ. ಕೆಳಗಿನ ಕೋಣೆಯಲ್ಲಿ ಏಣಿ ಹಾಕಿ, ಪ್ರತಿ ಜಂತೆ ಗೋಡೆ ಸೇರುವ ಜಾಗದಲ್ಲಿ ಸ್ಕ್ರೂ ಡ್ರೈವರಿನ ಮೊನೆಯನ್ನು ಒತ್ತಿ ನೋಡಿ. ಮೊನೆ ಸಲೀಸಾಗಿ ಇಳಿದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಗೋಡೆಯಲ್ಲಿ ಮಣ್ಣಿನ ಗೆರೆಯಂತೆ ಗೆದ್ದಲಿನ ದಾರಿ ಕಂಡರೆ, ಆ ಮಹಡಿಯ ಮೇಲೆ ತೊಟ್ಟಿಯ ಮಾತು ಬೇಡ. ಮಳೆಯ ಹೊಡೆತ ಬೀಳುವ ಹೊರಗೋಡೆಗಿಂತ ಒಳಗೋಡೆಯ ಬದಿ ಮೇಲು.

ಕಾಫಿ ಮೂಟೆಯ ವಾದವನ್ನು ನಾನು ಒಪ್ಪುವುದಿಲ್ಲ. ಐವತ್ತು ಕೆ.ಜಿ.ಯ ಹದಿನೆಂಟು ಮೂಟೆಗಳೆಂದರೆ ಅದೇ 900 ಕೆ.ಜಿ., ನಿಜ. ಆದರೆ ಮೂಟೆಗಳನ್ನು ನೀವು ಕೋಣೆಯ ತುಂಬ ಹರಡಿರುತ್ತೀರಿ, ಕೊಯ್ಲಾದ ಕೆಲವು ತಿಂಗಳಲ್ಲಿ ಇಳಿಸಿಬಿಡುತ್ತೀರಿ, ಅದೂ ಬೇಸಿಗೆಯ ಒಣ ದಿನಗಳಲ್ಲಿ. ತೊಟ್ಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಬಿಡುವಿಲ್ಲದ ಭಾರಕ್ಕೆ ಮರ ಮೆಲ್ಲಗೆ ಬಾಗುತ್ತಲೇ ಹೋಗುತ್ತದೆ. ಮಳೆಗಾಲದ ತೇವ, ಬೇಸಿಗೆಯ ಒಣಗು ಒಂದರ ಹಿಂದೊಂದು ಬಂದಂತೆ ಅದು ಇನ್ನೂ ಹೆಚ್ಚುತ್ತದೆ. ಜಂತೆ ಮುರಿಯುವ ಬಹಳ ಮೊದಲೇ ಸ್ಟ್ಯಾಂಡು ವಾಲಿ, ಗಾಜಿನ ಒಂದು ಮೂಲೆಗೆ ಒತ್ತಡ ಬಿದ್ದು ತಳ ಸೀಳಬಹುದು.

ನನ್ನನ್ನು ಕೇಳಿದರೆ ತೊಟ್ಟಿಯನ್ನು ಕೆಳಗಿನ ಪಡಸಾಲೆಯಲ್ಲೇ ಇಡಿ. ಮಹಡಿಯೇ ಬೇಕೆಂದು ಮಗ ಹಟ ಹಿಡಿದರೆ, ತೊಟ್ಟಿಯ ಕೆಳಗೆ ಜಂತೆಗಳಿಗೆ ಅಡ್ಡಲಾಗಿ ಒಂದು ತೊಲೆ ಕೊಟ್ಟು, ಎರಡು ಕಂಬಗಳನ್ನು ಕಲ್ಲಿನ ಅಡಿಪಾಯದ ಮೇಲೆ ನಿಲ್ಲಿಸಬೇಕು. ಈ ಕೆಲಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿ ಹೇಳಿದಂತೆಯೇ ಮಾಡಿಸಿ, ಬಡಗಿಯ ಅಂದಾಜಿಗೆ ಬಿಡಬೇಡಿ.

ಪ್ರಶ್ನೆ: ಕುಶಾಲನಗರದ ಕಾಂಕ್ರೀಟ್ ಮನೆಯೊಂದರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯನ್ನು ಬಾಲ್ಕನಿಯಲ್ಲಿ ಇಡಬಹುದೆ?

ಉತ್ತರ: ಬಾಲ್ಕನಿಯಲ್ಲಿ ಬೇಡ. ಎಲ್ಲ ಸೇರಿ ಅದು 340 ಕೆ.ಜಿ. ಸುಮಾರಾಗುತ್ತದೆ, ಐದಾರು ಜನ ಒತ್ತಾಗಿ ನಿಂತಂತೆ. ಹೊರಚಾಚಿದ ಚಪ್ಪಡಿಗೆ ಒಂದೇ ಕಡೆ ಆಧಾರವಿರುವುದರಿಂದ ಭಾರ ತುದಿಯ ಕಡೆ ಸರಿದಷ್ಟೂ ಬುಡಕ್ಕೆ ಹೆಚ್ಚು ಪೆಟ್ಟು. ಅಲ್ಲಿನ ಕಬ್ಬಿಣದ ಸರಳುಗಳಿಗೆ ಮಳೆನೀರಿಳಿದು ತುಕ್ಕು ಹಿಡಿದಿದ್ದರೆ ಮೇಲಿನಿಂದ ಅದು ಕಾಣುವುದೂ ಇಲ್ಲ. ಕೋಣೆಯೊಳಗೆ, ಅಡಿಯಲ್ಲಿ ಗೋಡೆಯೋ ತೊಲೆಯೋ ಇರುವ ಬದಿಗೆ ಇಡಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ಉದ್ದುದ್ದ ಹಲಗೆ ಕೊಡಿ, ಇಲ್ಲವಾದರೆ ಪ್ರತಿ ಕಾಲಿನ 85 ಕೆ.ಜಿ. ಒಂದೊಂದು ಟೈಲಿನ ಮೇಲೆ ಬೀಳುತ್ತದೆ. ಮೂರನೆಯ ಒಂದು ಭಾಗ ನೀರು ತುಂಬಿಸಿ, ಒಂದು ದಿನ ಬಿಟ್ಟು ರಸಮಟ್ಟ ಇಟ್ಟು ನೋಡಿ, ವಾಲದಿದ್ದರೆ ಉಳಿದದ್ದನ್ನು ತುಂಬಿಸಿ. ಮನೆಯ ಮಾಲೀಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು.